ಮೊದಲ ಗಾಡಿ ಆರಿಸಿದವ್ರು ಯಾರು?

ಹೆಸರಿನ ರಾಶಿ ಮುಗಿದು ಇಪ್ಪತ್ತು ದಿನ ಆತು. ಕಡಲಿ ಬಿತ್ತಿಗಿಗೆ ಎರಿ ಹದಕ್ಕ ಬರೂದನ್ನ ಕಾಯ್ತಾ ಕುಂತೀವಿ. ಈ ಬಿಡುವಿನಾಗ ಮನ್ಯಾಗ ಒಂದೇ ಚರ್ಚೆ: ಮಗಳಿಗೆ ಮೊದಲನೇ ಗಾಡಿ ಯಾವುದು ತಗೋಬೇಕು?

ಆಕಿಗೆ ಹತ್ತೊಂಬತ್ತು. ಗಜೇಂದ್ರಗಡದಾಗ ಕೆಲಸ ಸಿಕ್ಕೈತಿ. ರೋಣ ತಾಲ್ಲೂಕಿನ ನಮ್ಮ ಹಳ್ಳಿಯಿಂದ ದಿನಾ ಹೋಗಿ ಬರೂದು ಐವತ್ತು ಕಿಲೋಮೀಟರ್. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಖರ್ಚಿಲ್ಲ, ಅದು ದೊಡ್ಡ ಅನುಕೂಲ. ಆದ್ರ ಆಕಿ ಕೆಲಸ ಮುಗಿಯೋ ಹೊತ್ತಿಗೂ ನಮ್ಮೂರಿನ ಕೊನೇ ಬಸ್ಸಿಗೂ ತಾಳ ಕೂಡಂಗಿಲ್ಲ. ಹಿಂಗಾಗಿ ಗಾಡಿ ಬೇಕು. ಕಲಿಯೋವ್ರ ಲೈಸೆನ್ಸ್ ಬಂದೈತಿ.

ನನ್ನ ತಮ್ಮನ ಮಗ ಅಂದ, "ನೂರೈವತ್ತು ಸಿಸಿ ತಗೋರಿ, ಒಮ್ಮೆ ತಗೊಳ್ಳೋದು." ನನ್ನ ಹೆಂಡತಿ ಅಂದ್ಲು, "ಹುಡಿಗಿ ಅದಾಳ, ಸ್ಕೂಟಿ ಸಾಕು." ನಾನಂದೆ, "ಮನ್ಯಾಗ ಎಕ್ಸೆಲ್ ಐತಿ, ಅದನ್ನ ಒಯ್ಯಲಿ." ನಮ್ಮಣ್ಣ ಏನೂ ಅನಲಿಲ್ಲ, ಕಟ್ಟಿ ಮ್ಯಾಲ ಎಡಗಾಲು ಚಾಚಿ ಕುಂತಿದ್ದ. ಎಲ್ಲಾರೂ ಹೇಳಿ ಮುಗಿದ ಮ್ಯಾಲ ಮಗಳು ಕೇಳಿದ್ಲು, "ಓಡಸಾಕಿ ನಾನು. ನನ್ನ ಕೇಳಿದವ್ರು ಯಾರು?"

ಆ ರಾತ್ರಿ ಕುಂತು ಲೆಕ್ಕ ಹಾಕಿದೆ. ನಮ್ಮ ಮನ್ಯಾಗ, ನಮ್ಮ ಓಣ್ಯಾಗ, ರೋಣ-ನರಗುಂದ-ಗಜೇಂದ್ರಗಡದ ಈ ಸೀಮ್ಯಾಗ ಮೊದಲ ಗಾಡಿ ಬಂದ ಬಗೆ ಒಂದೊಂದಾಗಿ ನೆನಪು ಮಾಡಿಕೊಂಡೆ. ಕಲಿಯೋವ್ರು ತಮಗ ತಾವ ಆರಿಸಿಕೊಂಡ ಮೊದಲ ಗಾಡಿ ಅಂತ ಒಂದೂ ನೆನಪಾಗ್ಲಿಲ್ಲ. ಒಂದೊಂದು ಕಾಲಕ್ಕ ಒಬ್ಬೊಬ್ರು ಆರಿಸ್ಯಾರ. ಅದನ್ನ ಬರೆದಿಡೋಣ ಅನ್ನಿಸ್ತು.

ಮೊದಲನೇ ಕಾಲದಾಗ ಆರಿಸಿದ್ದು ಸರ್ಕಾರದ ಪರವಾನಗಿ. ಸ್ವಾತಂತ್ರ್ಯದ ನಂತರದ ಮೂರು-ನಾಲ್ಕು ದಶಕ ಯಾವ ಕಂಪನಿ ಎಷ್ಟು ಗಾಡಿ ಮಾಡಬೇಕು ಅನ್ನೋದು ಲೈಸೆನ್ಸಿನ ಮ್ಯಾಲ ನಿಂತಿತ್ತು. ಸ್ಕೂಟರ್ ಬುಕ್ ಮಾಡಿದವ್ರು ವರ್ಷಗಟ್ಟಲೆ ಕಾಯ್ತಿದ್ರು. ಮೋಟಾರ್‌ಸೈಕಲ್ ಅಂದ್ರ ಮೂರು ಹೆಸರು: ಬುಲೆಟ್, ರಾಜದೂತ್, ಜಾವಾ. ಬುಲೆಟ್ ಮದ್ರಾಸಿನಾಗ 1955ರಿಂದ ತಯಾರಾತು, ಮೊದಲಿಗೆ ಸೈನ್ಯದ ಸಲುವಾಗಿ. ರಾಜದೂತ್ ಎಸ್ಕಾರ್ಟ್ಸ್ ಕಂಪನೀದು, ಪೋಲೆಂಡಿನ ಮಾದರಿ. ಮೂರನೇದು ನಮ್ಮ ರಾಜ್ಯದ್ದ. 1961ರಲ್ಲಿ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯನ್ನು ಜಯಚಾಮರಾಜ ಒಡೆಯರು ಉದ್ಘಾಟಿಸಿದ್ರು. ಇರಾನಿ ಮನೆತನದವರ ಕಾರ್ಖಾನೆ, ಜೆಕೊಸ್ಲೊವಾಕಿಯಾದ ವಿನ್ಯಾಸ. ಮುಂದ 1970ರ ದಶಕದಾಗ ಜಾವಾ ಅನ್ನೋ ಹೆಸರು ಹೋಗಿ ಯೆಜ್ಡಿ ಆತು. 1978ರಲ್ಲಿ ರೋಡ್‌ಕಿಂಗ್ ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು.

ನಾನು ಸಣ್ಣಾವಿದ್ದಾಗ ನಮ್ಮ ಕಡೆ ಯೆಜ್ಡಿ ಇಟ್ಟವ್ರು ಯಾರಪ್ಪಾ ಅಂದ್ರ ಡಾಕ್ಟ್ರು, ರಸ್ತೆ ಗುತ್ತಿಗೆದಾರರು, ಅಡತಿ ಅಂಗಡಿಯವ್ರು, ನಾಲ್ಕು ಕೂರಿಗಿ ಹೊಲ ಇದ್ದ ಗೌಡ್ರು. ಎರಡೂ ಬದಿಗೆ ಒಂದೊಂದು ಸೈಲೆನ್ಸರ್, ಹಿಂದ ನೀಲಿ ಹೊಗಿ. ಸದ್ದಿನ ಮ್ಯಾಲ "ಡಾಕ್ಟ್ರು ಬಂದ್ರು" ಅಂತ ಗೊತ್ತಾಗ್ತಿತ್ತು. ಎರಡು ಸ್ಟ್ರೋಕಿನ ಎಂಜಿನ್, ಪೆಟ್ರೋಲಿನಾಗ ಆಯಿಲ್ ಕಲಸಿ ಹಾಕಬೇಕು.

ಕಲಿಯೋವ್ರ ಕಣ್ಣಿಲೆ ಆ ಗಾಡಿಗಳನ್ನ ಈಗ ನೋಡಿದ್ರ ನಗು ಬರ್ತದ. ಯೆಜ್ಡಿಯೊಳಗ ಕಿಕ್ ಹೊಡಿಯೋದೂ ಗೇರ್ ಹಾಕೋದೂ ಒಂದೇ ಕಬ್ಬಿಣದ ಕಡ್ಡಿ. ಕಿಕ್ ಹೊಡೆದು, ಅದ ಕಡ್ಡಿ ಮುಂದಕ್ಕ ತಿರುವಿ ಗೇರ್ ಮಾಡಿಕೋಬೇಕು. ಬುಲೆಟ್ಟಿನಾಗ ಗೇರ್ ಬಲಗಾಲಿಗೆ, ಬ್ರೇಕ್ ಎಡಗಾಲಿಗೆ. ಯೆಜ್ಡಿ ಕಲಿತವ ಬುಲೆಟ್ ಹತ್ತಿದ್ರ ಬ್ರೇಕ್ ಅಂತ ತಿಳಿದು ಗೇರ್ ತುಳೀತಿದ್ದ. ಬುಲೆಟ್ಟಿನ ಕಿಕ್ ಹದ ಗೊತ್ತಿಲ್ಲದೆ ಹೊಡೆದ್ರ ತಿರುಗಿ ಬಂದು ಮೀನಖಂಡಕ್ಕ ಬಡೀತಿತ್ತು. ಕಲಿಯೋವ್ರ ಸಲುವಾಗಿ ಒಂದು ಗಾಡಿ ಮಾಡೋಣ ಅನ್ನೋ ವಿಚಾರ ಆಗ ಯಾರಿಗೂ ಇರಲಿಲ್ಲ. ಸಿಕ್ಕಿದ್ದ ಗಾಡಿ, ಸಿಕ್ಕಿದ್ದಕ್ಕ ಮೈ ಹೊಂದಿಸಿಕೊಳ್ಳಬೇಕು. ನಮ್ಮಂಥ ಮನಿಗಳಿಗೆ ಅದೂ ಇಲ್ಲ. ನಮ್ಮಪ್ಪನ ಕೈಗೆ ಸೈಕಲ್ ಬಿಟ್ರ ಬ್ಯಾರೆ ಗಾಡಿ ಬರಲೇ ಇಲ್ಲ.

ಎರಡನೇ ಕಾಲದಾಗ ಆರಿಸಿದ್ದು ಕೈಯಾಗಿನ ರೊಕ್ಕ.

ಸವದತ್ತಿ ಹತ್ತಿರ ನವಿಲುತೀರ್ಥದ ಅಣಿಕಟ್ಟಿನಿಂದ ಮಲಪ್ರಭಾ ಕಾಲುವಿ ನರಗುಂದ, ರೋಣದ ಎರಿಗೆ ಬಂದದ್ದು 1970ರ ದಶಕದಾಗ. ನೀರು ಬಂತು ಅಂದ್ರ ರೊಕ್ಕ ಬಂತು ಅಂತ ಹೊರಗಿನವ್ರು ತಿಳೀತಾರ. ನೀರಿಗಿಂತ ಮುಂಚೆ ಕರ ಬಂತು. ಅಭಿವೃದ್ಧಿ ಕರ, ನೀರಿನ ಕರ, ಅದರ ಮ್ಯಾಲ ಹಳೇ ಸಾಲದ ವಸೂಲಿ. ಅದರ ಸಿಟ್ಟು 1980ರ ಜುಲೈ 21ಕ್ಕೆ ನರಗುಂದ, ನವಲಗುಂದದಾಗ ಸಿಡೀತು. ಗೋಳಿಬಾರ್ ಆಗಿ ರೈತರು ಸತ್ರು. ಆ ದಿನವನ್ನ ಇವತ್ತಿಗೂ ನರಗುಂದದಾಗ ಹುತಾತ್ಮ ರೈತರ ದಿನ ಅಂತ ಆಚರಿಸ್ತಾರ. ಇದನ್ನ ಯಾಕ ಹೇಳ್ತೀನಿ ಅಂದ್ರ, ಆ ವರ್ಷಗಳಾಗ ರೈತನ ಕಿಸೆ ಎಂಥಾದ್ದಿತ್ತು ಅನ್ನೋದು ತಿಳೀದಿದ್ರ ನಮ್ಮ ಕಡೆ ಮೊದಲು ಬಂದದ್ದು ಮೋಟಾರ್‌ಸೈಕಲ್ ಅಲ್ಲ, ಮೊಪೆಡ್ಡು ಅನ್ನೋದು ತಿಳಿಯಂಗಿಲ್ಲ.

1972ರಲ್ಲಿ ಕೈನೆಟಿಕ್ ಕಂಪನಿಯ ಲೂನಾ ಬಂತು, 50 ಸಿಸಿ, ಸೈಕಲ್ಲಿನಂಗ ಪೆಡಲ್. ಪೆಟ್ರೋಲ್ ತೀರಿದ್ರ ತುಳಕೋತ ಮನಿ ಮುಟ್ಟಬಹುದು. 1980ರಲ್ಲಿ ಹೊಸೂರಿನ ಕಾರ್ಖಾನೆಯಿಂದ ಟಿವಿಎಸ್ 50 ಬಂತು, ಇಬ್ಬರು ಕುಂತು ಹೋಗೋ ಮೊಪೆಡ್. ಸಾಲಿ ಮಾಸ್ತರು, ಹಾಲಿನವ್ರು, ಅಂಚೆಯವ್ರು, ಬಟ್ಟಿ ಗಂಟು ಕಟಗೊಂಡು ಸಂತಿಗೆ ಹೋಗೋವ್ರು, ಎಲ್ಲಾರ ಮೊದಲ ಗಾಡಿ ಅದು. ಮುಂದ ಕಾಲಿಡೋ ಜಾಗ ಸಪಾಟಿತ್ತು. ಅಲ್ಲಿ ಒಂದು ಚೀಲ ಗೊಬ್ಬರ, ಹಿಂದ ಒಂದು ಹೊರಿ ಮೇವು. ರೋಣದ ಸಂತಿಯಿಂದ ಕುರಿಮರಿ ತಂದವ್ರನ್ನೂ ನೋಡೀನಿ. ಗೇರಿಲ್ಲ, ಕ್ಲಚ್ಚಿಲ್ಲ, ಎರಡೂ ಕಾಲು ನೆಲಕ್ಕ ಮುಟ್ಟತಾವ. ಯಾರೂ ಕಲಿಯೋವ್ರ ಸಲುವಾಗಿ ಆರಿಸಲಿಲ್ಲ, ರೊಕ್ಕ ಇರಲಿಲ್ಲ ಅಂತ ಆರಿಸಿದ್ರು. ಆದ್ರೂ ಕಲಿಯೋವ್ರಿಗೆ ಒಳ್ಳೇ ಗಾಡಿ ಅದ ಆತು. ನಾನೂ ಕಲಿತದ್ದು ಒಂದು ಹಳೇ ಮೊಪೆಡ್ಡಿನ ಮ್ಯಾಲ.

ಇದರ ಜೊತಿಗೆ ಒಂದು ತಪ್ಪು ತಿಳುವಳಿಕೆ ಉಳೀತು. ಹದಿನಾರು ವರ್ಷಕ್ಕ ಲೈಸೆನ್ಸ್ ಕೊಡೋದು 50 ಸಿಸಿ ಮೀರದ ಗಾಡಿಗೆ ಮಾತ್ರ. ಅದರ ಮ್ಯಾಲಿನ ಯಾವ ಗಾಡಿಗೂ ಹದಿನೆಂಟು ತುಂಬಿರಬೇಕು. ಈಗಿನ ಎಕ್ಸೆಲ್ 100 ಹೆಸರಿನಾಗ ಇದ್ದಂಗ ನೂರು ಸಿಸಿಯ ಆಜುಬಾಜು. "ಎಕ್ಸೆಲ್ ಅಲ್ಲೇನು, ಹುಡುಗರೂ ಹೊಡೀಬಹುದು" ಅಂತ ಹೈಸ್ಕೂಲ್ ಹುಡುಗರ ಕೈಯಾಗ ಕೀಲಿ ಕೊಡೋವ್ರು ನಮ್ಮೂರಾಗ ಇನ್ನೂ ಅದಾರ. 2019ರ ತಿದ್ದುಪಡಿ ಆದ ಮ್ಯಾಲ ಅಪ್ರಾಪ್ತರು ಗಾಡಿ ಹೊಡೆದು ಅಪರಾಧ ಮಾಡಿದ್ರ ಪಾಲಕರಿಗೆ, ಗಾಡಿ ಮಾಲಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದ ತನಕ ಜೈಲು ಐತಿ. ಕಡಲಿ ಎಷ್ಟು ಕ್ವಿಂಟಲ್ ಮಾರಿದ್ರ ಅಷ್ಟಾಗ್ತದ, ಲೆಕ್ಕ ಹಾಕ್ರಿ.

ಮೂರನೇ ಕಾಲದಾಗ ಆರಿಸಿದವ್ರು ಬೀಗರು. ಇದನ್ನ ಬರಿಯೋದು ಕಷ್ಟ. ಆದ್ರೂ ಬರೀತೀನಿ.

1984-86ರ ನಡುವ ಜಪಾನಿನ ಕಂಪನಿಗಳ ಜೊತಿ ಕೂಡಿ ನೂರು ಸಿಸಿ ಗಾಡಿಗಳು ಒಂದರ ಹಿಂದ ಒಂದು ಬಂದ್ವು: ಇಂಡ್-ಸುಜುಕಿ, ಹೀರೋ ಹೊಂಡಾ ಸಿಡಿ 100, ಯಮಹಾ ಆರ್‌ಎಕ್ಸ್ 100, ಕವಾಸಾಕಿ ಬಜಾಜ್. ಇವುಗಳಾಗ ಸಿಡಿ 100 ಒಂದು ನಾಲ್ಕು ಸ್ಟ್ರೋಕಿಂದು. ಪೆಟ್ರೋಲಿಗೆ ಆಯಿಲ್ ಕಲಸೋದು ಬ್ಯಾಡ, ಲೀಟರಿಗೆ ಎಂಬತ್ತು ಕಿಲೋಮೀಟರ್ ಅಂತ ಜಾಹೀರಾತು. ಪಡ್ಡೆ ಹುಡುಗರಿಗೆ ಆರ್‌ಎಕ್ಸ್ ಬೇಕಿತ್ತು, ಅದರ ಓಟ, ಅದರ ಸದ್ದು. ಮನಿ ಹಿರ್ಯಾರಿಗೆ ಹೀರೋ ಹೊಂಡಾ ಬೇಕಿತ್ತು, ಎಣ್ಣಿ ಕಡಿಮೆ ಕುಡೀತದ. 1994ರಲ್ಲಿ ಸ್ಪ್ಲೆಂಡರ್ ಬಂದ ಮ್ಯಾಲಂತೂ ಎಣ್ಣಿ ಕಡಿಮೆ ಅನ್ನೋದ ಗೆದ್ದಿತು. ಆ ದಶಕದ ಕೊನಿಗೆ ದೇಶದಾಗ ಸ್ಕೂಟರಿಗಿಂತ ಮೋಟಾರ್‌ಸೈಕಲ್ ಮಾರಾಟ ಹೆಚ್ಚಾತು.

ಅದ ಹೊತ್ತಿಗೆ ಲಗ್ನದ ಮಾತುಕತಿಯೊಳಗ ಗಾಡಿ ಬಂದು ಕುಂತಿತು. ಅದಕ್ಕೂ ಮೊದಲು ಬಂಗಾರ, ವಾಚು, ಸೈಕಲ್. ಈಗ "ಹುಡುಗಗ ಒಂದು ಗಾಡಿ". ವರದಕ್ಷಿಣೆ ನಿಷೇಧ ಕಾಯ್ದೆ ಆಗಿದ್ದು 1961ರಲ್ಲಿ, ಮೈಸೂರಿನಾಗ ಜಾವಾ ಕಾರ್ಖಾನೆ ಶುರುವಾದ ವರ್ಷನ. ಎರಡಕ್ಕೂ ಸಂಬಂಧ ಇಲ್ಲ, ಆದ್ರ ಮೂವತ್ತೈದು ವರ್ಷ ಆದ ಮ್ಯಾಲ ನಮ್ಮ ಮನಿ ಚಪ್ಪರದಾಗ ಎರಡೂ ಎದುರುಬದುರು ನಿಂತ್ವು. 1996ರಲ್ಲಿ ನಮ್ಮಣ್ಣನ ಲಗ್ನ. ಹೂವಿನ ಹಾರ ಹಾಕಿದ ನೂರು ಸಿಸಿ ಗಾಡಿ ಚಪ್ಪರದ ಮುಂದ ನಿಂತಿತ್ತು. ನಾವು ಬಾಯಿ ಬಿಟ್ಟು ಕೇಳಿರಲಿಲ್ಲ ಅಂತ ನಮ್ಮವ್ವ ಹೇಳ್ತಿದ್ಲು. ಬ್ಯಾಡ ಅಂತ ಬಾಯಿ ಬಿಟ್ಟೂ ಹೇಳಿರಲಿಲ್ಲ. ಅತ್ತಿಗೆಯ ಅಪ್ಪ ಅದರ ಸಲುವಾಗಿ ಒಂದೆಕರೆ ಎರಿ ಒತ್ತಿ ಇಟ್ಟಿದ್ರು ಅನ್ನೋದು ನಮಗ ಗೊತ್ತಾಗಿದ್ದು ಎಷ್ಟೋ ವರ್ಷದ ಮ್ಯಾಲ.

ಅಣ್ಣಗ ಗಾಡಿ ಬರತಿರಲಿಲ್ಲ. ಎಂಟು ದಿನದಾಗ ಕಲಿತ. ಕಲಿತ ಅಂದ್ರ, ಹೋಗೂದು ಕಲಿತ. ನಿಲ್ಲಸೂದು ಇನ್ನೂ ಕಲಿತಿರಲಿಲ್ಲ. ಲಗ್ನದ ಗಾಡಿ ಮನ್ಯಾಗ ನಿಂತ್ರ ಮಂದಿ ಏನಂತಾರ? ದಿನಾ ಊರಾಗ ಒಂದು ಸುತ್ತು ಹಾಕಲೇಬೇಕು. ಹೆಲ್ಮೆಟ್ ಅನ್ನೋ ಮಾತು ಆಗ ನಮ್ಮೂರಾಗ ಇರಲೇ ಇಲ್ಲ.

ಹೆಸರಿನ ರಾಶಿ ಕಾಲ. ಆಗಿನ್ನ ಡಾಂಬರ್ ರಸ್ತೆ ಊರ ತನಕ ಬಂದಿತ್ತು. ಅದು ಬಂದ ಮ್ಯಾಲ ಕಣ ಮಾಡೋದನ್ನ ಮಂದಿ ಬಿಟ್ರು. ಕಣ ಅಂದ್ರ ನೆಲ ಹದ ಮಾಡಬೇಕು, ಸಗಣಿ ಸಾರಿಸಬೇಕು, ಮೇಟಿ ನಿಲ್ಲಸಬೇಕು, ಎತ್ತು ತಿರುಗಿಸಬೇಕು. ರಸ್ತೆ ಮ್ಯಾಲ ಹರವಿದ್ರ ಬಸ್ಸು, ಲಾರಿ ಹಾದು ಹೋಗಿ ತಾವ ಒಕ್ಕಣಿ ಮಾಡ್ತಾವ. ಪುಕ್ಕಟ ಕೆಲಸ. ಮುಂಜಾನೆ ಇಬ್ಬನಿ ಬಿದ್ದ ಹೆಸರಿನ ಬಳ್ಳಿ, ಅದರ ಮ್ಯಾಲ ಹೊಟ್ಟು, ಅದರ ಕೆಳಗ ಕಾಳು. ಎರಡು ಗಾಲಿ ಗಾಡಿಗೆ ಅದು ಗೋಲಿ ಹರವಿದಂಗ. ಅಣ್ಣ ತಿರುವಿನಾಗ ಬಂದ, ಮುಂದಿನ ಬ್ರೇಕ್ ಗಟ್ಟಿ ಹಿಡಿದ, ಗಾಲಿ ನಿಂತಿತು, ಗಾಡಿ ನಿಲ್ಲಲಿಲ್ಲ. ಎಡಗಾಲಿನ ತೊಡಿ ಎಲುಬು ಎರಡು ಕಡೆ ಮುರೀತು. ಹುಬ್ಬಳ್ಳಿಯಾಗ ಎರಡು ತಿಂಗಳು. ಕಾಲು ಒಂದು ಇಂಚು ಗಿಡ್ಡ ಆತು.

ಆ ರಾಶಿ ಬ್ಯಾರೆಯವ್ರದ್ದಲ್ಲ, ನಮ್ಮದ. ಹಿಂದಿನ ಸಂಜಿಕೆ ಹರವಿದವ ನಾನು.

ಇಷ್ಟು ವರ್ಷ ಇದನ್ನ "ಗಾಡಿ ಸುದ್ದಿ" ಅಂತ ಹೇಳ್ಕೋತ ಬಂದೀವಿ. ಅಣ್ಣನ ಗಾಡಿ, ಅಣ್ಣನ ನಸೀಬು. ಗಾಡಿಯೊಳಗ ತಪ್ಪಿರಲಿಲ್ಲ. ಕಲಿಯದವಗ ಗಾಡಿ ಬಂದದ್ದು, ಹೊಡೀಲೇಬೇಕು ಅನ್ನೋ ನಾಚಿಕಿ, ರಸ್ತೆ ಮ್ಯಾಲಿನ ನಮ್ಮ ರಾಶಿ, ಈ ಮೂರೂ ಮನುಷ್ಯರು ಮಾಡಿದ್ದು.

ನಾಲ್ಕನೇ ಕಾಲದಾಗ ಆರಿಸಿದ್ದು ಕಂತು. 1997ರಲ್ಲಿ ಧಾರವಾಡದಿಂದ ಬ್ಯಾರೆ ಆಗಿ ಗದಗ ಜಿಲ್ಲೆ ಆತು. ಕೆಎ-26 ನಂಬರಿನ ಗಾಡಿಗಳು ನೋಡನೋಡ್ತಾ ಹೆಚ್ಚಾದ್ವು. ಸಾಲ ನಮ್ಮ ಸೀಮಿಗೆ ಹೊಸಾದಲ್ಲ. ಗದಗ ಪಕ್ಕದ ಕಣಗಿನಹಾಳದಾಗ 1905ರಲ್ಲೇ ಸಿದ್ದನಗೌಡ ಪಾಟೀಲರು ಕೃಷಿ ಸಹಕಾರ ಸಂಘ ಕಟ್ಟಿದ್ರು. ಆದ್ರ ನಮಗ ಗೊತ್ತಿದ್ದ ಸಾಲ ಅಂದ್ರ ಬೀಜ, ಎತ್ತು, ಬಾವಿ. ಸುಗ್ಗಿಗೆ ತೀರಸೋ ಸಾಲ. ಗಾಡಿ ಸಾಲ ತಿಂಗಳಿಗೊಮ್ಮೆ ಬಾಗಲಿಗೆ ಬರ್ತದ. ರೈತನ ರೊಕ್ಕ ವರ್ಷಕ್ಕ ಎರಡು ಸಲ ಬರ್ತದ. ಈ ಎರಡರ ನಡುವ ಎಷ್ಟು ಮನಿ ಸಿಕ್ಕು ನುಗ್ಗಾದ್ವು ಹೇಳಲಿಕ್ಕಾಗಂಗಿಲ್ಲ. ಉಳ್ಳಾಗಡ್ಡಿಗೆ ರೇಟು ಬಂದ ವರ್ಷ ದೊಡ್ಡ ಗಾಡಿ ಬುಕ್ಕಾಗ್ತಾವ, ರೇಟು ಬಿದ್ದ ವರ್ಷ ಅವ ಗಾಡಿ ಅರ್ಧ ರೇಟಿಗೆ ಮಾರಾಟಕ್ಕ ನಿಲ್ತಾವ.

ಅಂಥಾದ್ದ ಒಂದು ಹಳೇ ಗಾಡಿ ನನ್ನ ಮೊದಲ ಗಾಡಿ. ಅಗ್ಗಾತು ಅಂತ ತಗೊಂಡೆ. ಆರ್‌ಸಿ ಪುಸ್ತಕದಾಗ ಫೈನಾನ್ಸಿನ ಹೆಸರು ಹಾಂಗ ಇತ್ತು, ನಾನು ಓದಿ ನೋಡಲಿಲ್ಲ. ಹಿಂದಿನವ ಕಂತು ಬಿಟ್ಟಿದ್ದ. ಆರು ತಿಂಗಳಾದ ಮ್ಯಾಲ ಒಂದು ದಿನ ಮಾರ್ಕೆಟ್ ಯಾರ್ಡಿನ ಗೇಟಿನಾಗ ಇಬ್ರು ಬಂದು ಕೀಲಿ ಕೇಳಿದ್ರು. ನಾಕು ಮಂದಿ ಮುಂದ ಗಾಡಿ ಒಯ್ದ್ರು. ನಾನು ಹೆಸರಿನ ಖಾಲಿ ಚೀಲ ಹೆಗಲ ಮ್ಯಾಲ ಹೊತ್ತು ಬಸ್ಸಿಗೆ ಬಂದೆ. ಹಳೇ ಗಾಡಿ ತಗೊಳ್ಳೋವ್ರು ಇಷ್ಟು ನೆನಪಿಡ್ರಿ: ಆರ್‌ಸಿಯಾಗ ಸಾಲದ ನಮೂದು ಇದ್ರ ಅದು ರದ್ದಾಗೋ ತನಕ ರೊಕ್ಕ ಕೊಡಬ್ಯಾಡ್ರಿ, ಅದಕ್ಕ ಫಾರ್ಮ್ 35 ಮತ್ತು ಫೈನಾನ್ಸಿನವರ ಪತ್ರ ಬೇಕು. ಹೆಸರು ಬದಲಿಗೆ ಫಾರ್ಮ್ 29, 30. ಬ್ಯಾರೆ ಕಡೆ ನೋಂದಣಿ ಆಗಿದ್ರ ನಿರಾಕ್ಷೇಪಣಾ ಪತ್ರ, ಅದು ಫಾರ್ಮ್ 28. ಚಾಸಿ ನಂಬರು, ಎಂಜಿನ್ ನಂಬರು ಕೈಯಿಂದ ಒರೆಸಿ, ಓದಿ, ಪುಸ್ತಕದ ಜೊತಿ ತಾಳೆ ನೋಡ್ರಿ. "ನಮ್ಮವ್ರ ಗಾಡಿ" ಅನ್ನೋ ಮಾತು ಕಾಗದ ಆಗಂಗಿಲ್ಲ.

ಹಿಂಗ ಲೆಕ್ಕ ಹಾಕಿದ್ರ ಪರವಾನಗಿ, ಕಿಸೆ, ಬೀಗರು, ಕಂತು. ನಾಲ್ಕು ಕಾಲ ಆತು. ಯಾವುದರಾಗೂ ಕಲಿಯೋವ್ರ ಕಾಲಿನ ಉದ್ದ ಎಷ್ಟು, ಕೈಯಾಗ ಎಷ್ಟು ಶಕ್ತಿ ಐತಿ, ಎಂಥಾ ರಸ್ತೆಗೆ ಹೋಗ್ತಾರ ಅಂತ ಕೇಳಿದವ್ರಿಲ್ಲ. ಮರುದಿನ ಮುಂಜಾನೆ ಮಗಳಿಗೆ ಅಂದೆ, "ನೀನ ಆರಿಸು. ಯಾಕ ಅಂತ ಹೇಳು, ಸಾಕು."

ಆಕಿ ಒಂದು ಹಾಳಿ ಮ್ಯಾಲ ಬರಕೊಂಡು ಬಂದ್ಲು. ಆಕಿ ಲೆಕ್ಕ ಇಲ್ಲಿ ಇಡ್ತೀನಿ. ಕಲಿಯೋ ಮಕ್ಕಳಿದ್ದ ಮನಿಗೆ ಉಪಯೋಗ ಆದೀತು.

ಮೊದಲನೇದು, ಕಾಲು. ಎರಡೂ ಪಾದ ನೆಲಕ್ಕ ಸಪಾಟ ಊರಬೇಕು. ಸ್ಪ್ಲೆಂಡರ್ ಪ್ಲಸ್‌ನ ಸೀಟಿನ ಎತ್ತರ 785 ಮಿಲಿಮೀಟರ್, ಹೊಂಡಾ ಶೈನ್ 100ರದ್ದು 786. ಆಕಿ ಎತ್ತರಕ್ಕ ಅವೆರಡೂ ಹೊಂದತಾವ. ಎಂಟುನೂರು ದಾಟಿದ್ರ ತುದಿಗಾಲ ಮ್ಯಾಲ ನಿಲ್ಲಬೇಕಾಗ್ತದ. ನಿಂತ ಗಾಡಿ ಕೆಡವೋದು ಕಲಿಯೋವ್ರ ಮೊದಲ ಪಾಠ, ಹೆಚ್ಚಾನೆಚ್ಚು ಬೀಳೋದು ಓಡೋವಾಗ ಅಲ್ಲ, ನಿಲ್ಲಸೋವಾಗ.

ಎರಡನೇದು, ತೂಕ. ಬಿದ್ದ ಗಾಡಿ ಒಬ್ಬಾಕಿಗೆ ಎತ್ತಲಿಕ್ಕೆ ಬರಬೇಕು. ಶೈನ್ 100ರ ತೂಕ 99 ಕೆಜಿ, ಸ್ಪ್ಲೆಂಡರ್ 112, ಈಗಿನ ಬುಲೆಟ್ 350 ಬರೋಬ್ಬರಿ 195. ಕಡಲಿ ಎರಡು ಚೀಲದ ತೂಕಕ್ಕೂ ಒಂದು ಚೀಲದ ತೂಕಕ್ಕೂ ಇರೋ ಫರಕು ರೈತರ ಮಕ್ಕಳಿಗೆ ಹೇಳಿಕೊಡೋದು ಬ್ಯಾಡ.

ಮೂರನೇದು, ಗಾಲಿ. ಇಲ್ಲೇ ನನ್ನ ಹೆಂಡತಿಯ ಸ್ಕೂಟಿ ಸೋತಿದ್ದು. ಸ್ಕೂಟಿ ಗಾಲಿ 10 ಅಥವಾ 12 ಇಂಚು, ಈ ಗಾಡಿಗಳದ್ದು 17, 18 ಇಂಚು. ಊರಿಂದ ದೊಡ್ಡ ರಸ್ತೆಗೆ ನಮಗ ಒಂದೂವರೆ ಕಿಲೋಮೀಟರ್ ಎರಿ ಹಾದಿ. ಮಳಿ ಬಿದ್ರ ಆ ಮಣ್ಣು ಟೈರಿಗೆ ರೊಟ್ಟಿ ಹಿಟ್ಟಿನಂಗ ಮೆತ್ತಿ, ಮಡ್‌ಗಾರ್ಡಿನೊಳಗ ತುಂಬಿ, ಗಾಲಿ ತಿರುಗೋದನ್ನ ನಿಲ್ಲಸ್ತದ. ದೊಡ್ಡ ಗಾಲಿ, ಟೈರಿಗೂ ಮಡ್‌ಗಾರ್ಡಿಗೂ ನಡುವ ಎರಡು ಬೆರಳು ಸಂದು, ಇವು ಕ್ಯಾಟಲಾಗಿನಾಗ ಇರಂಗಿಲ್ಲ. ಬೆರಳು ಹಾಕಿ ನೋಡಬೇಕು. ಡಾಂಬರ್ ರಸ್ತೆಯಲ್ಲೇ ಓಡಾಡೋ ಮನಿಯವ್ರಿಗೆ ಸ್ಕೂಟಿ ಏನೂ ತಪ್ಪಲ್ಲ.

ನಾಲ್ಕನೇದು, ಬ್ರೇಕು. 2019ರ ಏಪ್ರಿಲ್ 1ರಿಂದ 125 ಸಿಸಿ ತನಕದ ಹೊಸ ಗಾಡಿಗಳಿಗೆ ಜೋಡಿ ಬ್ರೇಕ್ ಕಡ್ಡಾಯ ಆತು. ಹಿಂದಿನ ಬ್ರೇಕ್ ತುಳಿದ್ರ ಮುಂದಿನದೂ ಸ್ವಲ್ಪ ಹಿಡೀತದ. ಹೆದರಿದ ಹೊಸಬರು ಒಂದೇ ಬ್ರೇಕ್ ಗಟ್ಟಿ ಹಿಡೀತಾರ, ನಮ್ಮಣ್ಣ ಹಿಡಿದಂಗ. ಅವರಿಗೆ ಇದು ಉಪಕಾರ. 125 ಸಿಸಿ ದಾಟಿದ್ದಕ್ಕ ಎಬಿಎಸ್ ಕಡ್ಡಾಯ. ಅದು ಇನ್ನೂ ಉತ್ತಮ, ಆದ್ರ ಅದರ ಜೊತಿ ತೂಕ, ಓಟ, ಬೆಲೆ ಮೂರೂ ಏರ್ತಾವ.

ಐದನೇದು, ರಿಪೇರಿ. 2020ರ ಏಪ್ರಿಲ್‌ನಿಂದ ಬಿಎಸ್-6 ನಿಯಮ ಬಂತು. ಈ ನೂರು ಸಿಸಿ ಗಾಡಿಗಳಾಗ ಕಾರ್ಬೊರೇಟರ್ ಹೋಗಿ ಫ್ಯುಯೆಲ್ ಇಂಜೆಕ್ಷನ್ ಬಂತು. ಹೊಗಿ ಕಡಿಮೆ, ಚಳಿಗಾಲದಾಗ ಲಗೂನ ಚಾಲೂ ಆಗ್ತದ. ಆದ್ರ ನಮ್ಮೂರಿನ ಮೆಕ್ಯಾನಿಕ್ ಕಾರ್ಬೊರೇಟರ್ ಕಣ್ಣು ಮುಚ್ಚಿ ಬಿಚ್ಚತಾನ, ಇಂಜೆಕ್ಷನ್ನಿಗೆ ಮಶೀನ್ ಹಚ್ಚಿ ನೋಡಬೇಕು ಅಂತಾನ. ಹಿಂಗಾಗಿ ಆಕಿ ಹುಡುಕಿದ್ದು 2019ರ ಏಪ್ರಿಲ್‌ಗೂ 2020ರ ಮಾರ್ಚಿಗೂ ನಡುವಿನ ಗಾಡಿ. ಜೋಡಿ ಬ್ರೇಕೂ ಐತಿ, ಕಾರ್ಬೊರೇಟರೂ ಐತಿ. ಈ ಒಂದು ವರ್ಷದ ಸಂದು ನನ್ನ ತಲಿಗೆ ಹೊಳೆದಿರಲಿಲ್ಲ.

ಹೊಸಾದು ಯಾಕ ಬ್ಯಾಡ ಅಂತ ಕೇಳಿದೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿ ತನಕದ ಗಾಡಿಗಳ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕ ಇಳಿದೈತಿ, ಹೊಸಾ ಗಾಡಿ ಸಸ್ತಾ ಆಗ್ಯಾವ ಅಂದೆ. ಆಕಿ ಅಂದ್ಲು, "ಅಪ್ಪಾ, ಮೊದಲನೇ ಗಾಡಿ ನಾನು ಕೆಡವತೀನಿ. ಹೊಸಾದನ್ನ ಕೆಡವಿದ್ರ ನಿನಗ ಹೊಟ್ಟಿ ಉರೀತದ, ನಿನ್ನ ಮಾರಿ ನೋಡಿ ನನಗ ಹೆದರಿಕಿ ಆಗ್ತದ. ಹೆದರಿಕೊಂಡು ಕಲಿಯೋದು ಬ್ಯಾಡ." ಕಂತಂತೂ ಬ್ಯಾಡವೇ ಬ್ಯಾಡ ಅಂದ್ಲು. ಮಾರ್ಕೆಟ್ ಯಾರ್ಡಿನ ಸುದ್ದಿ ಆಕಿಗೂ ಗೊತ್ತು.

ನಿವೃತ್ತ ಮಾಸ್ತರೊಬ್ಬರ ಮನಿಯಾಗ ಅಂಥಾದ್ದೊಂದು ಸಿಕ್ತು. 2019ರ ದೀಪಾವಳಿಗೆ ತಗೊಂಡಿದ್ದು, ಒಬ್ಬರ ಕೈಯಾಗಿದ್ದದ್ದು, ಸಾಲದ ನಮೂದು ಇಲ್ಲ. 42,000ಕ್ಕ ಮಾತಾತು. ಆಕಿ ಮೊದಲ ಹೇಳಿದ್ಲು, ಇದ್ದ ರೊಕ್ಕ ಎಲ್ಲಾ ಗಾಡಿಗೆ ಹಾಕೋದಲ್ಲ, ಹತ್ತು ಸಾವಿರ ತೆಗೆದಿಟ್ಟು ಉಳಿದಿದ್ದರಾಗ ಗಾಡಿ ನೋಡೋದು ಅಂತ. ಆ ಹತ್ತು ಸಾವಿರದಾಗ ಎರಡು ಟೈರು, ಬ್ರೇಕ್ ಶೂ, ಚೈನ್ ಸೆಟ್, ಹೆಸರು ಬದಲಿ ಖರ್ಚು, ವಿಮೆ, ಹೆಲ್ಮೆಟ್. 75ರಿಂದ 150 ಸಿಸಿ ಗಾಡಿಗೆ ಥರ್ಡ್ ಪಾರ್ಟಿ ವಿಮೆಯ ಮೂಲ ಕಂತು ವರ್ಷಕ್ಕ 714 ರೂಪಾಯಿ, ಮ್ಯಾಲ ತೆರಿಗೆ. ಒಂದು ಪಂಪಿನ ಔಷಧ ಖರ್ಚಿಗಿಂತ ಹೆಚ್ಚಲ್ಲ, ಆದ್ರೂ ನಾವು ಅದನ್ನ ತುಂಬದ ಬಿಡ್ತೀವಿ. ಹೆಲ್ಮೆಟ್ ಐಎಸ್‌ಐ ಗುರುತಿಂದ ಇರಬೇಕು, 2021ರ ಜೂನ್‌ನಿಂದ ಅದಿಲ್ಲದ್ದನ್ನ ಮಾರೋದ ಅಪರಾಧ. ರಸ್ತೆ ಬದಿಯ ಟೊಪಿಗಿ ಪೊಲೀಸರಿಗೆ ತೋರಸಲಿಕ್ಕೆ ಮಾತ್ರ.

ಈಗ ಕಲಿಯೋ ಕೆಲಸ ನಡದೈತಿ. ಕಲಿಯೋವ್ರ ಲೈಸೆನ್ಸ್ ಆರು ತಿಂಗಳು ನಡೀತದ, ಮೂವತ್ತು ದಿನ ಆದ ಮ್ಯಾಲ ಪಕ್ಕಾ ಲೈಸೆನ್ಸಿನ ಪರೀಕ್ಷೆಗೆ ಹೋಗಬಹುದು. ಅಲ್ಲಿ ತನಕ ಮುಂದ-ಹಿಂದ ಕೆಂಪು ಎಲ್ ಅಕ್ಷರ, ಹಿಂದ ಕಲಿಸೋವ್ರನ್ನ ಬಿಟ್ಟು ಬ್ಯಾರೆ ಯಾರನ್ನೂ ಕುಂದ್ರಿಸಿಕೊಳ್ಳೋ ಹಂಗಿಲ್ಲ. ಕಲಿಸೋವ ನಾನಲ್ಲ, ನಮ್ಮಣ್ಣ. ತಾನ ಕೇಳಿಕೊಂಡು ಬಂದ. ಹೋಗೂದನ್ನ ಆತ ಕಲಿಸೋದ ಇಲ್ಲ. ಮೊದಲ ನಾಲ್ಕು ದಿನ ಬರೇ ನಿಲ್ಲಸೂದು. ಹತ್ತರ ವೇಗದಾಗ, ಇಪ್ಪತ್ತರ ವೇಗದಾಗ, ಒಣ ನೆಲದಾಗ, ಹಸಿ ನೆಲದಾಗ. ಊರ ಹಳೇ ಕಣದಾಗ ಕಲ್ಲಿಟ್ಟು, "ಈ ಕಲ್ಲಿನ ತಲ್ಲೇಕ ನಿಲ್ಲಸು" ಅಂತಾನ.

ಹಳೇ ಕಣ ಅಂದೆ. ರಾಶಿ ರಸ್ತೆಗೆ ಹೋದ ಮ್ಯಾಲ ಅದು ಖಾಲಿ ಬಿದ್ದಿತ್ತು, ಜಾಲಿ ಬೆಳೆದಿತ್ತು. ಊರ ಹುಡುಗರೆಲ್ಲಾ ಗಾಡಿ ಕಲಿಯೋದು ಅಲ್ಲೇ. ಕಾಳು ರಸ್ತೆ ಮ್ಯಾಲ, ಕಲಿಯೋವ್ರು ಕಣದಾಗ. ಇಷ್ಟು ವರ್ಷ ನೋಡಿದ್ರೂ ಇದು ತಿರುವು ಮುರುವು ಆಗೈತಿ ಅಂತ ನನಗ ಅನ್ನಿಸಿರಲಿಲ್ಲ.

ಈ ಸಲ ನಮ್ಮ ಹೆಸರನ್ನ ರಸ್ತೆಗೆ ಹಾಕಲಿಲ್ಲ. ಕಣದ ಅರ್ಧ ಸ್ವಚ್ಛ ಮಾಡಿ, ತಾಡಪತ್ರಿ ಹಾಸಿ ಅಲ್ಲೇ ಒಣಗಿಸಿದ್ವಿ, ಮಶೀನಿಗೆ ಹಾಕಿದ್ವಿ. ಎರಡು ದಿನ ಹೆಚ್ಚು ಹಿಡೀತು, ಆಳಿನ ಖರ್ಚು ಜಾಸ್ತಿ ಆತು. ಪಕ್ಕದ ಹೊಲದವ್ರು ನಕ್ರು. ಅವರ ಬಳ್ಳಿ ಇನ್ನೂ ರಸ್ತೆ ಮ್ಯಾಲಿತ್ತು. ನಾನು ಅವರಿಗೆ ಬುದ್ಧಿ ಹೇಳಲಿಕ್ಕೆ ಹೋಗಲಿಲ್ಲ. ಮುಂದಿನ ತಿಂಗಳಿಂದ ಮಗಳು ಆ ತಿರುವಿನಾಗ ದಿನಾ ಎರಡು ಸಲ ಹಾಯ್ತಾಳ ಅಂತಷ್ಟ ಹೇಳಿದೆ. ಕಡಲಿ ಸುಗ್ಗಿಗೆ ನೋಡೋಣ ಅಂದ್ರು.

ಗಾಡಿ ಆರಿಸೋದು ಆಕಿ ಕೆಲಸ, ಆಕಿ ಮಾಡಿದ್ಲು. ರಸ್ತೆ ಆರಿಸಲಿಕ್ಕೆ ಆಕಿಗೆ ಬರಂಗಿಲ್ಲ. ಅದು ನಮ್ಮ ಕೈಯಾಗ ಐತಿ.

ನಿಮ್ಮ ಮನಿಯ ಮೊದಲ ಗಾಡಿ ಯಾವುದು, ಅದನ್ನ ಆರಿಸಿದವ್ರು ಯಾರು? ಬಿಡುವಾದಾಗ ಬರೀರಿ. ನಮ್ಮ ಸೀಮಿ ಲೆಕ್ಕಕ್ಕ ಕೂಡಸೋಣ.